ಸದ್ದಿಲ್ಲದೆ ಬಂದ ಗಾಡಿ

ಲಾಂಡ್ರಿಯವನಿಗೆ ಬಟ್ಟೆ ಒಗೆಯುವುದು ಕಷ್ಟವಾಗಿರಲಿಲ್ಲ, ಇಸ್ತ್ರಿಯೂ ಕಷ್ಟವಾಗಿರಲಿಲ್ಲ. ಅವನ ಜೀವ ಹಿಂಡುತ್ತಿದ್ದದ್ದು ಬಟ್ಟೆ ತಲುಪಿಸುವ ಕೆಲಸ. ಅಂಗಡಿ ಇದ್ದದ್ದು ಬೀದಿಯ ತಗ್ಗಿನಲ್ಲಿ. ಗಿರಾಕಿಗಳ ಮನೆಗಳು ಏರಿನ ಮೇಲೆ. ಏರು ದಾಟಿ ಆಚೆ ಇಳಿದರೆ ಆಸ್ಪತ್ರೆ. ಅಲ್ಲಿಯ ಡಾಕ್ಟರುಗಳ ಬಿಳಿ ಕೋಟು, ಮಂಚದ ಹೊದಿಕೆ ಎಲ್ಲ ಒಗೆಯಲು ಬರುತ್ತಿದ್ದದ್ದು ಇವನಲ್ಲಿಗೇ. ಗೆರೆ ಮುರಿಯದ ಹಾಗೆ ಇಸ್ತ್ರಿ ಮಾಡಿದ ಕೋಟುಗಳನ್ನು ಗಂಟು ಕಟ್ಟಿ, ಹೆಗಲ ಮೇಲೆ ಹೊತ್ತು ನಡೆದರೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನ ಬೆವರಿಗೆ ಕೋಟು ಒದ್ದೆ, ಮಡಿಕೆಯೆಲ್ಲ ಮುದ್ದೆ. ಇದನ್ನು ಒಗೆದು ತಂದಿದ್ದೀಯೋ, ಒಗೆಯಲು ತೆಗೆದುಕೊಂಡು ಹೋಗುತ್ತಿದ್ದೀಯೋ ಎಂದು ಆಸ್ಪತ್ರೆಯ ಸ್ಟೋರಿನವನು ಒಮ್ಮೆ ಎಲ್ಲರೆದುರಿಗೆ ಕೇಳಿದ್ದ.

ಹಾಗಾಗಿ ಎಲೆಕ್ಟ್ರಿಕ್ ಸ್ಕೂಟರ್ ಬಂದ ದಿನ ಗಂಡ, ಹೆಂಡತಿ, ಮಗಳು ಮೂವರೂ ಅಂಗಡಿ ಬಿಟ್ಟು ಬೀದಿಗೆ ಬಂದು ನಿಂತರು. ಚಿಕ್ಕ ಗಾಡಿ. ಪೆಟ್ರೋಲ್ ಬೇಡ, ಹೊಗೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಮಾರಿದವನು ಇದು ನಿಧಾನದ ಗಾಡಿ, ವೇಗ ಹೆಚ್ಚದ ಹಾಗೆ ಒಳಗೇ ಲಾಕ್ ಇದೆ, ಹೆಂಗಸರು ಮಕ್ಕಳು ಯಾರು ಬೇಕಾದರೂ ಓಡಿಸಬಹುದು ಎಂದು ಹೇಳಿ ಕಳಿಸಿದ್ದ. ಲಾಂಡ್ರಿಯವನು ಬಟ್ಟೆಯ ಗಂಟನ್ನು ಕಾಲಿಡುವ ಜಾಗದಲ್ಲಿಟ್ಟು, ಎರಡು ಚೀಲಗಳನ್ನು ಹ್ಯಾಂಡಲಿಗೆ ನೇತುಹಾಕಿ ಏರು ಹತ್ತಿದ. ಬೆವರಲಿಲ್ಲ. ಕೋಟು ಮುದುಡಲಿಲ್ಲ. ಸ್ಟೋರಿನವನ ಬಾಯಿ ಮುಚ್ಚಿತು.

ಹೆಂಡತಿಯೂ ಕಲಿತಳು. ಅವಳು ಹೆದರಿ ಹೆದರಿ ಓಡಿಸುವವಳು. ಪ್ರತಿ ತಿರುವಿನಲ್ಲಿ ಕಾಲು ಕೆಳಗಿಟ್ಟು, ಆಚೀಚೆ ನೋಡಿ, ಆಮೇಲೆ ಮುಂದಕ್ಕೆ. ಏರಿನ ಕೊನೆಯಲ್ಲಿ ಗಾಡಿ ಏದುಸಿರು ಬಿಡುವ ಹಾಗೆ ನಿಧಾನವಾಗುತ್ತಿತ್ತು. ಅಲ್ಲಿ ಮಾತ್ರ ಅವಳು ವೇಗ ಹೆಚ್ಚಿಸುವ ಹಿಡಿಯನ್ನು ಪೂರ್ತಿ ತಿರುಗಿಸುತ್ತಿದ್ದಳು. ಪೂರ್ತಿ ತಿರುಗಿಸಿದರೂ ಗಾಡಿ ಹೋಗುತ್ತಿದ್ದದ್ದು ಸೈಕಲ್ಲಿನಷ್ಟೇ.

ಹೆಂಡತಿಯ ತಂಗಿ ಅದೇ ಆಸ್ಪತ್ರೆಯ ಅಪಘಾತದ ವಾರ್ಡಿನಲ್ಲಿ ನರ್ಸ್. ರಜೆಯ ದಿನ ಅಕ್ಕನನ್ನು ನೋಡಲು ಅಂಗಡಿಗೆ ಬಂದವಳು ಗಾಡಿಯನ್ನು ಸುತ್ತ ಒಂದು ಸಲ ನೋಡಿದಳು. ಹೆಲ್ಮೆಟ್ ಎಲ್ಲಿ ಎಂದು ಕೇಳಿದಳು. ಇಷ್ಟು ನಿಧಾನದ ಗಾಡಿಗೆ ಹೆಲ್ಮೆಟ್ ಯಾಕೆ, ಇದು ಸೈಕಲ್ಲಿಗೆ ಬ್ಯಾಟರಿ ಕಟ್ಟಿದ್ದು ಅಷ್ಟೆ ಎಂದು ಭಾವ ನಕ್ಕ. ನರ್ಸಮ್ಮನಿಗೆ ಯಾರನ್ನು ನೋಡಿದರೂ ರೋಗಿಯೇ ಕಾಣುವುದು ಎಂದು ಮಗಳಿಗೆ ಹೇಳಿ ಅವಳನ್ನೂ ನಗಿಸಿದ.

ನರ್ಸ್ ನಗಲಿಲ್ಲ. ತನ್ನ ವಾರ್ಡಿಗೆ ಈ ಗಾಡಿಗಳಿಂದ ಬಿದ್ದವರು ಬರುವುದು ಹೆಚ್ಚಾಗಿದೆ ಎಂದಳು. ಸದ್ದಿಲ್ಲದ ಗಾಡಿ, ಎದುರಿನವರಿಗೆ ಬರುವುದೇ ಗೊತ್ತಾಗುವುದಿಲ್ಲ. ಹಿಡಿ ತಿರುಗಿಸಿದ ಕ್ಷಣಕ್ಕೇ ಮುಂದಕ್ಕೆ ಹಾರುತ್ತದೆ. ಚಕ್ರ ಚಿಕ್ಕದು, ಗುಂಡಿಗೆ ಬಿದ್ದರೆ ಸವಾರ ಮುಗ್ಗರಿಸುತ್ತಾನೆ. ಹ್ಯಾಂಡಲಿಗೆ ಚೀಲ ತೂಗುಹಾಕಿದರೆ ತಿರುಗಿಸುವುದೇ ಕಷ್ಟ. ಹೀಗೆ ಅವಳು ಒಂದೊಂದಾಗಿ ಹೇಳುತ್ತಿದ್ದರೆ ಭಾವ ಹೂಂ ಹೂಂ ಎನ್ನುತ್ತ ಮುಂದಿನ ಗಂಟು ಕಟ್ಟುತ್ತಿದ್ದ.

ಗಾಡಿ ಅಂಗಡಿಯ ಮುಂದೆಯೇ, ಅಂಗಡಿಯ ಕಡೆ ಮುಖ ಮಾಡಿ ನಿಂತಿತ್ತು. ಚಾವಿ ಆಫ್ ಮಾಡಿರಲಿಲ್ಲ. ಸದ್ದೇ ಇಲ್ಲದಿದ್ದರಿಂದ ಅದು ಯಾರಿಗೂ ಗೊತ್ತಿರಲಿಲ್ಲ. ಮಗಳು ಆಟಕ್ಕೆಂದು ಗಾಡಿಯ ಮುಂದೆ ಹೋಗಿ ದೀಪದಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು. ಲಾಂಡ್ರಿಯವನು ಗಂಟನ್ನು ಕಾಲಿಡುವ ಜಾಗದಲ್ಲಿಟ್ಟು, ಅದು ಜಾರದಿರಲೆಂದು ಒಂದು ಕೈಯಿಂದ ಹ್ಯಾಂಡಲ್ ಹಿಡಿದ. ಹಿಡಿಯುವಾಗ ಕೈ ತಿರುಗಿತು. ಗಾಡಿ ಒಂದೇ ನೆಗೆತಕ್ಕೆ ಮುಂದೆ ಹೋಯಿತು. ನರ್ಸ್ ಮಗುವಿನ ತೋಳು ಹಿಡಿದು ಎಳೆದುಕೊಂಡಳು. ಗಾಡಿ ಹೋಗಿ ಇಸ್ತ್ರಿಯ ಮೇಜಿಗೆ ಗುದ್ದಿ ಪಕ್ಕಕ್ಕೆ ಉರುಳಿತು.

ಯಾರಿಗೂ ಏನೂ ಆಗಲಿಲ್ಲ. ಮಗಳಿಗೆ ತೋಳು ನೋಯುತ್ತದೆ ಎಂದು ಅಳು. ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಲಾಂಡ್ರಿಯವನು ಗಾಡಿ ಎತ್ತಿ ನಿಲ್ಲಿಸಿ, ಮಣ್ಣು ಕೊಡವಿ, ಇನ್ನು ಮೇಲೆ ಚಾವಿ ತೆಗೆದರಾಯಿತು, ಇಷ್ಟಕ್ಕೆಲ್ಲ ಯಾಕೆ ಗಾಬರಿ ಎಂದ. ಮಾರನೆಯ ದಿನ ನರ್ಸ್ ಎರಡು ಹೆಲ್ಮೆಟ್ ತಂದು ಗೋಡೆಯ ಮೊಳೆಗೆ ನೇತುಹಾಕಿ ಹೋದಳು. ಹೆಂಡತಿ ಅಂದಿನಿಂದ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದುಕೊಂಡೇ ಹೊರಡುತ್ತಿದ್ದಳು. ಗಂಡನದು ಮೊಳೆಯ ಮೇಲೇ ಧೂಳು ಹಿಡಿಯಿತು.

ಆ ಬೀದಿಯಲ್ಲಿ ಎಲ್ಲರೂ ಆಪರೇಟರ್ ಸಾರ್ ಎಂದು ಕರೆಯುತ್ತಿದ್ದ ಒಬ್ಬರಿದ್ದರು. ಆಸ್ಪತ್ರೆಯ ಟೆಲಿಫೋನ್ ನೋಡಿಕೊಳ್ಳುವವರು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಬಿಳಿ ಕೋಲು ಹಿಡಿದು ಒಬ್ಬರೇ ಏರು ಹತ್ತಿ, ಇಳಿದು, ರಸ್ತೆ ದಾಟಿ ಕೆಲಸಕ್ಕೆ ಹೋಗುತ್ತಿದ್ದರು. ಯಾರ ಕೈಯನ್ನೂ ಹಿಡಿದವರಲ್ಲ. ಬರುತ್ತಿರುವುದು ಬಸ್ಸೋ, ಕಾರೋ, ಎಷ್ಟು ದೂರದಲ್ಲಿದೆ, ಯಾವ ಕಡೆ ತಿರುಗುತ್ತದೆ ಎಂಬುದನ್ನೆಲ್ಲ ಕಿವಿಯಿಂದಲೇ ತಿಳಿಯುತ್ತಿದ್ದರು. ಅವರ ಅಂಗಿಗಳೂ ಈ ಲಾಂಡ್ರಿಗೇ ಬರುತ್ತಿದ್ದವು. ಯಾವ ಅಂಗಿ ಯಾವ ಬಣ್ಣ ಎಂದು ಅವರಿಗೆ ಮುಟ್ಟಿದರೆ ಗೊತ್ತಾಗಲಿ ಎಂದು ಲಾಂಡ್ರಿಯವನ ಹೆಂಡತಿ ಕಾಲರಿನ ಒಳಗೆ ದಾರದ ಗಂಟು ಹಾಕಿ ಕೊಡುತ್ತಿದ್ದಳು. ನೀಲಿಗೆ ಒಂದು ಬಗೆ, ಬಿಳಿಗೆ ಇನ್ನೊಂದು.

ಒಂದು ದಿನ ಅಂಗಿ ಕೊಡಲು ಬಂದಾಗ ಅವರು ಲಾಂಡ್ರಿಯವನಿಗೆ ಹೇಳಿದರು: “ನಿನ್ನ ಹೊಸ ಗಾಡಿ ನಂಗೆ ಕೇಳಿಸೋದೇ ಇಲ್ಲ ಕಣಪ್ಪ. ನಿನ್ನೆ ನನ್ನ ಪಕ್ಕದಲ್ಲೇ ಗಾಳಿ ಬೀಸಿದ ಹಾಗಾಯ್ತು. ಆಮೇಲೆ ಯಾರೋ ಹೇಳಿದ್ರು, ಅದು ನೀನು ಅಂತ. ನನ್ನ ಕಂಡ್ರೆ ಒಂದು ಸಲ ಹಾರ್ನ್ ಮಾಡು.”

ಆಗಲಿ ಸಾರ್, ಖಂಡಿತ ಮಾಡುತ್ತೇನೆ ಎಂದ ಲಾಂಡ್ರಿಯವನು. ಒಂದೆರಡು ಸಲ ಮಾಡಿದ. ಆಮೇಲೆ ಮರೆತ.

ಹೀಗಿರುವಾಗ ಗಾಡಿಯ ನಿಧಾನ ಅವನ ಕಣ್ಣಿಗೆ ಚುಚ್ಚತೊಡಗಿತು. ಗಿರಾಕಿಗಳು ಹೆಚ್ಚಾಗಿದ್ದರು. ಏರಿನಲ್ಲಿ ಶಾಲೆಯ ಮಕ್ಕಳೂ ಸೈಕಲ್ಲಿನಲ್ಲಿ ಅವನನ್ನು ಹಿಂದಿಕ್ಕಿ ನಗುತ್ತ ಹೋಗುತ್ತಿದ್ದರು. ಗ್ಯಾರೇಜಿನವನು ಅವನ ಹಳೆಯ ಗೆಳೆಯ. ಲಾಕ್ ತೆಗೆಯುವುದು ಒಂದು ವೈರಿನ ಕೆಲಸ, ಬೀದಿಯಲ್ಲಿ ಅರ್ಧ ಜನ ತೆಗೆಸಿಕೊಂಡಿದ್ದಾರೆ, ನೀನೊಬ್ಬ ಯಾಕೆ ಎತ್ತಿನ ಗಾಡಿ ಓಡಿಸುತ್ತೀಯ ಎಂದು ಅವನು ಹುರಿದುಂಬಿಸಿದ. ಬ್ರೇಕು, ಚಕ್ರ ಆ ವೇಗಕ್ಕೆ ತಡೆಯುತ್ತವೆಯೇ ಎಂದು ಲಾಂಡ್ರಿಯವನು ಕೇಳಿದ್ದು ನಿಜ. ನಿಧಾನಕ್ಕೆ ಹಿಡಿದರೆ ತಡೆಯುತ್ತವೆ ಎಂದ ಗ್ಯಾರೇಜಿನವನು. ಅಷ್ಟು ಮಾತು ಸಾಕಾಯಿತು.

ಲಾಕ್ ತೆಗೆದ ಗಾಡಿ ಬೇರೆಯೇ ಗಾಡಿಯಾಗಿತ್ತು. ಏರಿನಲ್ಲಿ ಸರಸರನೆ ಹತ್ತುತ್ತಿತ್ತು. ಲಾಂಡ್ರಿಯವನಿಗೆ ಖುಷಿಯೋ ಖುಷಿ. ಆದರೆ ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳು ತಂಗಿಗೆ ಹೇಳುತ್ತಾಳೆ, ತಂಗಿ ಬಂದು ಪಾಠ ಶುರು ಮಾಡುತ್ತಾಳೆ. ಯಾಕೆ ಬೇಕು ಆ ರಗಳೆ? ಹೇಗೂ ಈಗ ಬಟ್ಟೆ ತಲುಪಿಸುವುದು ತಾನೇ, ಅವಳು ಗಾಡಿ ಮುಟ್ಟುವುದೇ ಅಪರೂಪ ಎಂದು ಸುಮ್ಮನಾದ.

ಆ ದಿನ ಬೆಳಗಿನಿಂದ ತುಂತುರು ಮಳೆ. ಅಂಗಡಿಯಲ್ಲಿ ನೀರು ಕಾಯಿಸುವ ಬಾಯ್ಲರ್ ಕೆಟ್ಟು ಕೂತಿತ್ತು. ರಿಪೇರಿಯವನು ಬಂದಿದ್ದ, ಲಾಂಡ್ರಿಯವನು ಅವನ ಜೊತೆ ಒಳಗೆ ಪೈಪು ಹಿಡಿದು ನಿಂತಿದ್ದ. ಆಸ್ಪತ್ರೆಯಿಂದ ಫೋನ್ ಬಂತು. ಆಪರೇಷನ್ ಕೋಣೆಯ ಕೋಟುಗಳು ತಕ್ಷಣ ಬೇಕು. ನಾನೇ ಕೊಟ್ಟು ಬರುತ್ತೇನೆ ಎಂದು ಹೆಂಡತಿ ಹೊರಗಿನಿಂದ ಕೂಗಿ ಹೇಳಿದಳು. ಬಾಯ್ಲರ್ ರಿಪೇರಿಯ ಗದ್ದಲದಲ್ಲಿ ಅವನಿಗೆ ಅರ್ಧ ಕೇಳಿಸಿತು. ಹೂಂ ಎಂದ.

ಮಗಳು ತಾನೂ ಬರುತ್ತೇನೆ, ಮುಂದೆ ನಿಲ್ಲುತ್ತೇನೆ ಎಂದು ಹಟ ಮಾಡಿದಳು. ಮುಂದೆ ಕೋಟಿನ ಗಂಟಿತ್ತು. ಜಾಗವಿಲ್ಲ ಪುಟ್ಟಿ, ನೀನು ಅಪ್ಪನ ಹತ್ತಿರ ಇರು ಎಂದು ಹೇಳಿ ತಾಯಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹೊರಟಳು.

ಏರಿನ ಮೊದಲರ್ಧ ಅವಳು ಎಂದಿನಂತೆ ನಿಧಾನಕ್ಕೆ ಹೋದಳು. ಗಾಡಿ ಇವತ್ತು ಹಗುರವಾಗಿದೆ ಅನ್ನಿಸಿತು. ಗಂಟು ಚಿಕ್ಕದಲ್ಲವೆ, ಅದಕ್ಕಿರಬೇಕು ಎಂದುಕೊಂಡಳು. ಕೊನೆಯ ಏರು ಬಂತು. ಯಾವಾಗಲೂ ಮಾಡುವ ಹಾಗೆ ಹಿಡಿಯನ್ನು ಪೂರ್ತಿ ತಿರುಗಿಸಿದಳು.

ಗಾಡಿ ಅವಳ ಕೈಯಿಂದ ಕಿತ್ತುಕೊಂಡಂತೆ ಓಡಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಏರು ಮುಗಿದು ಇಳಿಜಾರು ಶುರುವಾಗಿತ್ತು. ಹೆದರಿಕೆಗೆ ಅವಳ ಮುಷ್ಟಿ ಇನ್ನೂ ಬಿಗಿಯಾಯಿತು. ಮುಷ್ಟಿ ಬಿಗಿದಷ್ಟೂ ಹಿಡಿ ತಿರುಗಿತು. ಕೆಳಗೆ ಆಸ್ಪತ್ರೆಯ ಗೇಟು. ಗೇಟಿನ ಮುಂದೆ ಜನ ದಾಟಲೆಂದು ರಸ್ತೆಗೆ ಬಳಿದ ಬಿಳಿ ಪಟ್ಟೆ. ಆ ಪಟ್ಟೆಯ ಅಂಚಿನಲ್ಲಿ ಆಪರೇಟರ್ ಸಾರ್ ಕೋಲು ಊರಿಕೊಂಡು ನಿಂತಿದ್ದರು.

ಅವರು ಎಂದಿನಂತೆ ನಿಂತು ಕೇಳಿಸಿಕೊಂಡರು. ಎಡಕ್ಕೆ ಕಿವಿಗೊಟ್ಟರು, ಬಲಕ್ಕೆ ಕಿವಿಗೊಟ್ಟರು. ಮಳೆಯ ಸದ್ದು ಬಿಟ್ಟರೆ ರಸ್ತೆಯಲ್ಲಿ ಏನೂ ಇರಲಿಲ್ಲ. ಹೆಜ್ಜೆ ಇಟ್ಟರು.

ಹಾರ್ನ್ ಎಲ್ಲಿದೆ ಎಂಬುದೇ ಅವಳಿಗೆ ಮರೆತುಹೋಯಿತು. ಸಾರ್ ಎಂದು ಕೂಗಿದಳು. ಎರಡೂ ಬ್ರೇಕನ್ನು ಒತ್ತಿ ಹಿಡಿದಳು. ಒದ್ದೆ ರಸ್ತೆಯಲ್ಲಿ ಚಿಕ್ಕ ಚಕ್ರಗಳು ನಿಲ್ಲಲಿಲ್ಲ, ಜಾರಿದವು. ಗಾಡಿ ಅಡ್ಡ ಬಿದ್ದು ಉಜ್ಜಿಕೊಂಡು ಹೋಗಿ ಅವರ ಕಾಲಿಗೆ ಬಡಿಯಿತು. ಅವರು ಎತ್ತಿ ಎಸೆದ ಹಾಗೆ ಹಿಂದಕ್ಕೆ ಬಿದ್ದರು. ತಲೆಯ ಎಡಭಾಗ ಫುಟ್‌ಪಾತಿನ ಕಲ್ಲಿನ ಅಂಚಿಗೆ ತಾಗಿತು. ಬಿಳಿ ಕೋಟುಗಳು ರಸ್ತೆಯ ತುಂಬ ಚೆಲ್ಲಿದ್ದವು.

ಅಪಘಾತದ ವಾರ್ಡಿನಲ್ಲಿ ನರ್ಸ್ ಆಗಷ್ಟೇ ಕೆಲಸಕ್ಕೆ ನಿಂತಿದ್ದಳು. ಬಾಗಿಲು ತೆರೆದು ಎರಡು ಸ್ಟ್ರೆಚರ್ ಒಟ್ಟಿಗೇ ಒಳಗೆ ಬಂದವು. ಒಂದರಲ್ಲಿ ಅವಳ ಒಡಹುಟ್ಟಿದ ಅಕ್ಕ. ಹೆಲ್ಮೆಟ್ಟಿನ ಒಂದು ಪಕ್ಕ ಬಿರುಕು ಬಿಟ್ಟಿದೆ, ಒಂದು ಕೈ ವಿಚಿತ್ರವಾಗಿ ತಿರುಚಿಕೊಂಡಿದೆ, ಆದರೆ ಕಣ್ಣು ತೆರೆದಿದ್ದಾಳೆ, ಮಾತಾಡುತ್ತಿದ್ದಾಳೆ. ಇನ್ನೊಂದರಲ್ಲಿ ಆಪರೇಟರ್ ಸಾರ್. ಮಾತಿಲ್ಲ. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು.

ಅಕ್ಕ ಇವಳ ಕಡೆ ಕೈ ಚಾಚಿದಳು. ನರ್ಸ್ ಒಂದು ಕ್ಷಣ ನಿಂತಳು. ಆಮೇಲೆ ಅಕ್ಕನನ್ನು ದಾಟಿ ಆಪರೇಟರ್ ಸಾರ್ ಹತ್ತಿರ ಹೋದಳು. ಯಾರ ಜೀವ ಕೈಜಾರುತ್ತಿದೆಯೋ ಅವರು ಮೊದಲು. ಅಕ್ಕನಿಗೂ ಅದು ಅರ್ಥವಾಯಿತು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಲಾಂಡ್ರಿಯವನು ಬಾಯ್ಲರಿನ ಮಸಿ ಮೆತ್ತಿದ ಕೈಯಲ್ಲೇ ಓಡಿ ಬಂದ. ಅಷ್ಟರಲ್ಲಿ ಆಪರೇಟರ್ ಸಾರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ಹೆಂಡತಿಯ ಮುಂಗೈ ಮೂಳೆ ಮುರಿದಿತ್ತು, ಭುಜದ ಚರ್ಮ ಕಿತ್ತುಬಂದಿತ್ತು. ತಲೆಗೆ ಪೆಟ್ಟಾಗಿಲ್ಲ, ಹೆಲ್ಮೆಟ್ ಕಾಪಾಡಿದೆ ಎಂದು ಡಾಕ್ಟರು ಹೇಳಿದರು. ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ.

ಅವಳು ಮಾತ್ರ ತನ್ನ ಕೈಯ ವಿಷಯ ಎತ್ತಲೇ ಇಲ್ಲ. “ರೀ, ನಾನು ಯಾವತ್ತಿನಷ್ಟೇ ತಿರುಗಿಸಿದ್ದು. ಅದು ಹಂಗ್ಯಾಕೆ ಓಡ್ತು? ನಂಗೆ ಓಡಿಸೋಕೆ ಬರಲ್ಲ, ನಾನು ತಗೊಂಡು ಹೋಗಬಾರದಾಗಿತ್ತು. ಅವರು ಸತ್ತೋದ್ರೆ ನಾನೇ ಕೊಂದ ಹಾಗೆ” ಎಂದಳು. ಇದನ್ನೇ ಮತ್ತೆ ಮತ್ತೆ ಹೇಳಿದಳು.

ಲಾಂಡ್ರಿಯವನ ನಾಲಿಗೆಯ ತುದಿಯಲ್ಲಿ ಹೇಳಬೇಕಾದ ಮಾತಿತ್ತು. ಹೇಳಲಿಲ್ಲ. ನೀರು ತರುತ್ತೇನೆ ಎಂದು ಎದ್ದು ಹೊರಗೆ ಹೋದ.

ವರಾಂಡದಲ್ಲಿ ಗ್ಯಾರೇಜಿನವನು ಕಾಯುತ್ತಿದ್ದ. ಲಾಂಡ್ರಿಯವನನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ ಹೇಳಿದ: “ಗಾಡಿ ಇನ್ನೂ ಗೇಟಿನ ಹತ್ರಾನೇ ಇದೆ. ಪೊಲೀಸರು ನೋಡೋದ್ರೊಳಗೆ ವೈರು ವಾಪಸ್ ಹಾಕಿಬಿಡ್ತೀನಿ. ಚಾವಿ ಕೊಡು. ಯಾರಿಗೂ ಗೊತ್ತಾಗಲ್ಲ. ಕಣ್ಣು ಕಾಣದವರು, ನೋಡದೆ ಅಡ್ಡ ಬಂದ್ರು ಅಂತ ಹೇಳಿದ್ರೆ ಮುಗೀತು.”

ಓಡಿ ಬರುವಾಗ ಬಿದ್ದ ಗಾಡಿಯಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ದ ಚಾವಿಯನ್ನು ಲಾಂಡ್ರಿಯವನು ಕೊಟ್ಟ. ಕೊಟ್ಟಾದ ಮೇಲೆ ತನ್ನ ಕೈಯನ್ನೇ ನೋಡುತ್ತ ಅಲ್ಲೇ ನಿಂತ.

ಅವನು ನೀರು ಹಿಡಿದು ವಾಪಸು ಬಂದಾಗ ಟ್ರಾಫಿಕ್ ಇನ್‌ಸ್ಪೆಕ್ಟರ್ ಮೇಡಂ ಹೆಂಡತಿಯ ಮಂಚದ ಬಳಿ ಇದ್ದರು. ಪಕ್ಕದ ರೋಗಿಯನ್ನು ನೋಡಲು ಬಂದಿದ್ದ ಯಾರೋ, ಕಣ್ಣು ಕಾಣದವರು ಒಬ್ಬರೇ ರಸ್ತೆಗೆ ಯಾಕೆ ಬರಬೇಕು ಎಂದು ಗೊಣಗಿದರು. ಹೆಂಡತಿ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ಕೂತಳು. “ಹಂಗನ್ನಬೇಡಿ. ಅವರು ಪಟ್ಟೆ ಮೇಲೇ ಇದ್ರು. ನಿಂತು, ಕೇಳಿಸ್ಕೊಂಡು, ಆಮೇಲೆ ದಾಟಿದ್ರು. ನಾನು ಜೋರಾಗಿ ಬಂದೆ ಮೇಡಂ. ತಪ್ಪು ನಂದೇ ಅಂತ ಬರ್ಕೊಳ್ಳಿ.”

ಲಾಂಡ್ರಿಯವನು ಕೈಯಲ್ಲಿದ್ದ ನೀರಿನ ಲೋಟವನ್ನು ಕಿಟಕಿಯ ಮೇಲಿಟ್ಟು ಹೊರಗೆ ಓಡಿದ. ಮೆಟ್ಟಿಲು ಇಳಿದು, ಮಳೆಯಲ್ಲಿ ಗೇಟಿನ ಕಡೆ ಓಡಿದ. ಗ್ಯಾರೇಜಿನವನು ಆಗಲೇ ಗಾಡಿಯ ಸೀಟು ಎತ್ತಿ, ಕೈ ಒಳಗೆ ಹಾಕಿದ್ದ.

“ಮುಟ್ಟಬೇಡ” ಎಂದ ಲಾಂಡ್ರಿಯವನು. ಗೆಳೆಯ ತಲೆಯೆತ್ತಿ, ನಿನಗೇನು ಹುಚ್ಚೇ, ಇಬ್ಬರೂ ಒಳಗೆ ಹೋಗುತ್ತೇವೆ ಎಂದ. ಲಾಂಡ್ರಿಯವನು ಅವನ ಮುಂಗೈ ಹಿಡಿದು ಹೊರಗೆಳೆದ. ಚಾವಿ ಕಿತ್ತುಕೊಂಡ. ಗ್ಯಾರೇಜಿನವನು ಬೈದ, ಬೇಡಿಕೊಂಡ, ಕೊನೆಗೆ ಫುಟ್‌ಪಾತಿನ ಮೇಲೆ ತಲೆ ಹಿಡಿದು ಕೂತುಬಿಟ್ಟ.

ಲಾಂಡ್ರಿಯವನು ವಾರ್ಡಿಗೆ ಹಿಂತಿರುಗಿ ಚಾವಿಯನ್ನು ಇನ್‌ಸ್ಪೆಕ್ಟರ್ ಮೇಡಂ ಕೈಗೆ ಕೊಟ್ಟ. ವೇಗದ ಲಾಕ್ ತೆಗೆಸಿದ್ದು ತಾನು, ಹೆಂಡತಿಗೆ ಅದು ಗೊತ್ತೇ ಇರಲಿಲ್ಲ, ಆ ಗಾಡಿಯನ್ನು ಅವಳು ಹಾಗೆ ಓಡಿಸಿದ್ದಲ್ಲ, ಗಾಡಿಯೇ ಅವಳನ್ನು ಎಳೆದುಕೊಂಡು ಹೋಗಿದ್ದು ಎಂದು ಹೇಳಿದ. ಹೇಳುವಾಗ ಅವನು ನೋಡುತ್ತಿದ್ದದ್ದು ನೆಲವನ್ನು.

ಹೆಂಡತಿ ಅವನ ಮುಖವನ್ನೇ ನೋಡಿದಳು.

“ನಾನು ಒಬ್ಬ ಮನುಷ್ಯನ್ನ ಕೊಂದೆ ಅಂತ ಇಲ್ಲಿ ಮಲಗಿದೀನಿ. ನೀವು ಅದೇ ಸ್ಟೂಲ್ ಮೇಲೆ ಕೂತು ಕೇಳಿಸ್ಕೊಂಡ್ರಿ” ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ನರ್ಸ್ ತಂಗಿ ಭಾವನಿಗೆ ಒಂದು ಮಾತೂ ಆಡಲಿಲ್ಲ. ನಾನು ಆಗಲೇ ಹೇಳಿದ್ದೆ ಎಂದು ಅವಳು ಅಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ.

ಆಪರೇಟರ್ ಸಾರ್ ಬದುಕುತ್ತಾರೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಲಾಂಡ್ರಿಯವನು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತ. ಒಳಗಿನಿಂದ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಮತ್ತೆ ಕೂರುತ್ತಿದ್ದ. ನರ್ಸ್ ತಂಗಿ ಕೊನೆಗೆ ಅವನ ಪಕ್ಕ ಬಂದು ಕೂತಳು. ಅವಳು ಹೇಳಿದ್ದು ಇಷ್ಟೇ: “ಅಕ್ಕನ ತಲೆ ಮೇಲೆ ಹೆಲ್ಮೆಟ್ ಇತ್ತು ಭಾವ. ನಡ್ಕೊಂಡು ಹೋಗೋರ ತಲೆ ಮೇಲೆ ಏನೂ ಇರಲ್ಲ.”

ಅವರು ಬದುಕಿದರು. ಎಚ್ಚರ ಬಂದಾಗ ಮೊದಲು ಕೇಳಿದ್ದು, ಗಾಡಿಯಿಂದ ಬಿದ್ದ ಹೆಣ್ಣುಮಗಳು ಹೇಗಿದ್ದಾಳೆ ಎಂದು. ಅವಳು ತನ್ನನ್ನು ಕೂಗಿದ್ದು ಅವರಿಗೆ ನೆನಪಿತ್ತು. ಅವರು ಎರಡೂ ಕಿವಿಯಿಂದ ಕೇಳಿದ ಕೊನೆಯ ಕೂಗು ಅದೇ. ತಲೆಬುರುಡೆಯ ಮೂಳೆ ಬಿರುಕು ಬಿಟ್ಟಿದ್ದರಿಂದ ಎಡಗಿವಿ ಪೂರ್ತಿ ಹೋಗಿತ್ತು. ಅದು ಮತ್ತೆ ಬರುವುದಿಲ್ಲ ಎಂದು ಡಾಕ್ಟರುಗಳು ಹೇಳಿದರು.

ಅವರಿಗೆ ಎದ್ದು ಕೂರುವ ಶಕ್ತಿ ಬಂದ ಮೇಲೆ ಲಾಂಡ್ರಿಯವನು ನೋಡಲು ಹೋದ. ಯಾವ ಕಡೆ ನಿಲ್ಲಬೇಕು ಎಂದು ತಿಳಿಯದೆ ಮಂಚದ ಕಾಲ ಬುಡದಲ್ಲಿ ನಿಂತ. ಬಲಗಡೆ ಬಾ ಎಂದು ಅವರೇ ಕರೆದರು. ಅವನು ಬಂದು, ತಾನು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅವರು ತಲೆ ವಾಲಿಸಿ ಕೇಳಿದರು.

“ನಂಗೆ ಹುಟ್ಟಿದಾಗಿಂದ ಕಣ್ಣಿಲ್ಲ” ಎಂದರು. “ಆದ್ರೆ ನಾನು ಕುರುಡ ಅಂತ ನಂಗೆ ಅನ್ನಿಸಿರಲೇ ಇಲ್ಲ. ಎರಡು ಕಿವಿ ಇದ್ರೆ, ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುತ್ತೆ. ಈಗ ಬಾಗಿಲು ತೆಗೆದ್ರೂ, ಬಸ್ಸು ಬಂದ್ರೂ, ಯಾರಾದ್ರೂ ಕರೆದ್ರೂ ಎಲ್ಲಾ ಒಂದೇ ಕಡೆಯಿಂದ ಬರುತ್ತೆ. ಈಗ ನಾನು ಕುರುಡ.”

ಲಾಂಡ್ರಿಯವನು ಕೈಮುಗಿದ. ಮುಗಿದ ಕೈ ಅವರಿಗೆ ಕಾಣುವುದಿಲ್ಲ ಎಂದು ಹೊಳೆದು, ಕ್ಷಮಿಸಿ ಸಾರ್ ಎಂದ.

“ಅದು ಈಗ್ಲೇ ನನ್ನ ಕೈಲಾಗಲ್ಲ ಕಣಪ್ಪ. ಸುಳ್ಳು ಹೇಳೋದ್ಯಾಕೆ” ಎಂದರು ಅವರು, ಕೋಪವಿಲ್ಲದ ದನಿಯಲ್ಲಿ. “ಬೀದೀಲಿ ಲಾಕ್ ತೆಗೆಸಿದ ಗಾಡಿ ನಿಂದೊಂದೇನಾ? ಉಳಿದವರ ಹತ್ರ ಹೋಗು. ನಾನು ಹೇಳಿದ್ರೆ ಅಯ್ಯೋ ಪಾಪ ಅಂತಾರೆ. ನೀನು ಹೇಳಿದ್ರೆ ಕೇಳ್ತಾರೆ.”

ಅವನು ಹೋದ. ಮೊದಲು ಹಾಲು ಹಾಕುವವನ ಹತ್ತಿರ, ಆಮೇಲೆ ಕೊರಿಯರಿನವನ ಹತ್ತಿರ, ಆಮೇಲೆ ಮಗನನ್ನು ಗಾಡಿಯ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವ ಮೇಷ್ಟ್ರ ಹತ್ತಿರ. ಕೆಲವರು ಮುಖ ತಿರುಗಿಸಿದರು. ನಿನ್ನ ಹೆಂಡತಿಗೆ ಓಡಿಸಲು ಬರಲಿಲ್ಲ, ನಮಗೆ ಬರುತ್ತದೆ ಎಂದು ಒಬ್ಬ ಹೇಳಿದ. ಲಾಂಡ್ರಿಯವನಿಗೆ ರಕ್ತ ಕುದಿಯಿತು, ಆದರೂ ಜಗಳ ಆಡಲಿಲ್ಲ. ಆ ಗಾಡಿಯನ್ನು ಅವಳಲ್ಲ, ನಾನು ಕೆಡಿಸಿದ್ದು ಎಂದು ಹೇಳಿ, ಮರುದಿನ ಮತ್ತೆ ಅದೇ ಬಾಗಿಲಿಗೆ ಹೋದ. ಹಾಲಿನವನು ಮೊದಲು ಒಪ್ಪಿದ. ಮೇಷ್ಟ್ರು ಮಗನಿಗೆ ಅವನ ತಲೆಗೆ ಸರಿಹೊಂದುವ ಹೆಲ್ಮೆಟ್ ತಂದು, ಅವನನ್ನು ಹಿಂದಿನ ಸೀಟಿಗೆ ಕಳಿಸಿದರು.

ಗ್ಯಾರೇಜಿನವನ ಮೇಲೂ ಲಾಂಡ್ರಿಯವನ ಮೇಲೂ ಕೇಸು ನಡೆಯಿತು, ಇಬ್ಬರಿಗೂ ಶಿಕ್ಷೆಯಾಯಿತು. ಗ್ಯಾರೇಜಿನವನು ಬಹಳ ದಿನ ಗೆಳೆಯನ ಜೊತೆ ಮಾತು ಬಿಟ್ಟಿದ್ದ. ಆದರೆ ಅವನು ಲಾಕ್ ತೆಗೆಯುವ ಕೆಲಸವನ್ನೂ ಬಿಟ್ಟ. ತಾನು ತೆಗೆದ ಲಾಕುಗಳನ್ನು ಯಾರು ತಂದರೂ ವಾಪಸು ಹಾಕಿಕೊಟ್ಟ. ಬ್ರೇಕು ಸವೆದಿದ್ದರೆ ಗಾಡಿಯನ್ನು ಹೊರಗೆ ಬಿಡಲಿಲ್ಲ.

ಮನೆಯಲ್ಲಿ ಹೆಂಡತಿ ಮೌನ ಮುರಿದದ್ದು ಕೈಯ ಪಟ್ಟಿ ಬಿಚ್ಚಿದ ಮೇಲೆ. ಗಾಡಿ ಪೊಲೀಸರಿಂದ ವಾಪಸು ಬಂದಿತ್ತು. ಲಾಕ್ ಹಾಕಿಸಿ, ಬ್ರೇಕು, ಚಕ್ರ ಹೊಸದು ಮಾಡಿಸಿ ತಂದಿದ್ದ. ಅವಳು ಗಾಡಿಯನ್ನು ಸುತ್ತ ನೋಡಿ, ಮಾರಿಬಿಡಿ ಎನ್ನುತ್ತಾಳೆಂದು ಅವನು ಕಾದ. ಅವಳು ಹಾಗೆ ಅನ್ನಲಿಲ್ಲ. ಗಾಡಿಯ ತಪ್ಪೇನಿದೆ ಎಂದಳು. ಇನ್ನು ಮೇಲೆ ಈ ಗಾಡಿಗೆ ಒಂದು ಮೊಳೆ ಹೊಡೆದರೂ ನನಗೆ ಹೇಳಿಯೇ ಹೊಡೆಯಬೇಕು, ಹ್ಯಾಂಡಲಿಗೆ ಚೀಲ ತೂಗುಹಾಕಬಾರದು, ಮಗಳು ಮುಂದೆ ನಿಲ್ಲಬಾರದು ಎಂದಳು. ಅವನು ಎಲ್ಲಕ್ಕೂ ತಲೆಯಾಡಿಸಿ, ಹಿಂದುಗಡೆ ಬಟ್ಟೆಗೆ ಗಟ್ಟಿ ಪೆಟ್ಟಿಗೆ ಕೂರಿಸಿದ. ಮಳೆ ಬಂದರೆ ಗಾಡಿ ಅಂಗಡಿಯಲ್ಲೇ ನಿಲ್ಲುತ್ತದೆ. ಕೋಟು ತಡವಾದರೆ ತಡವಾಗಲಿ ಎಂದು ಸ್ಟೋರಿನವನೇ ಈಗ ಹೇಳುತ್ತಾನೆ.

ಆಪರೇಟರ್ ಸಾರ್ ಕೆಲಸಕ್ಕೆ ಮರಳಿದ್ದಾರೆ. ಒಬ್ಬರೇ ಅಲ್ಲ. ಲಾಂಡ್ರಿಯವನ ಹೆಂಡತಿ ಏರು ದಾಟಿಸಿ, ಗೇಟಿನವರೆಗೆ ಅವರ ಜೊತೆ ನಡೆಯುತ್ತಾಳೆ. ಅವರು ಅವಳ ಮೊಣಕೈ ಹಿಡಿದಿರುತ್ತಾರೆ. ಜೀವಮಾನವಿಡೀ ಯಾರ ಕೈಯನ್ನೂ ಹಿಡಿಯದವರಿಗೆ ಇದು ಎಷ್ಟು ಕಷ್ಟ ಎಂದು ಅವಳಿಗೆ ಅವರ ಬೆರಳುಗಳಲ್ಲೇ ಗೊತ್ತಾಗುತ್ತದೆ. ಅವಳು ಅದರ ಬಗ್ಗೆ ಮಾತೆತ್ತುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯ ಮುಂದೆಯೂ ಇಂಥದೊಂದು ಗಾಡಿ ನಿಂತಿರಬಹುದು. ಅದು ಒಳ್ಳೆಯ ಗಾಡಿಯೇ. ಅದನ್ನು ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅದರ ವೇಗದ ಲಾಕ್ ತೆಗೆಸಬೇಡಿ. ತೆಗೆಸಿದ್ದರೆ ಇವತ್ತೇ ವಾಪಸು ಹಾಕಿಸಿ, ಮನೆಯವರಿಗೆ ಹೇಳಿ. ಆ ಬ್ರೇಕು, ಆ ಚಕ್ರ ಮಾಡಿರುವುದು ಲಾಕ್ ಇರುವಾಗಿನ ವೇಗಕ್ಕೇ. ಓಡಿಸುವವರೂ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ. ಗಾಡಿ ನಿಲ್ಲಿಸಿದ ತಕ್ಷಣ ಚಾವಿ ತೆಗೆದು ಜೇಬಿಗೆ ಹಾಕಿ, ಸದ್ದಿಲ್ಲದ ಮಾತ್ರಕ್ಕೆ ಅದು ಆಫ್ ಆಗಿದೆ ಎಂದುಕೊಳ್ಳಬೇಡಿ. ಮಕ್ಕಳನ್ನು ಮುಂದೆ ನಿಲ್ಲಿಸಬೇಡಿ, ಮಕ್ಕಳ ಕೈಗೆ ಗಾಡಿ ಕೊಡಬೇಡಿ. ಒದ್ದೆ ರಸ್ತೆಯಲ್ಲಿ, ಇಳಿಜಾರಿನಲ್ಲಿ ಆಮೆಯ ಹಾಗೆ ಹೋದರೂ ನಾಚಿಕೆಯೇನಿಲ್ಲ.

ಇನ್ನೊಂದು ಮಾತು. ನೀವು ಎದುರಿನವರನ್ನು ನೋಡಿದ್ದೀರಿ ಎಂದರೆ ಅವರಿಗೂ ನೀವು ಬರುವುದು ಗೊತ್ತಾಗಿದೆ ಎಂದಲ್ಲ. ವಯಸ್ಸಾದವರು, ಮಗು, ಫೋನಿನಲ್ಲಿ ಮಾತಾಡುತ್ತ ಹೋಗುವವರು, ಕೋಲು ಊರಿಕೊಂಡು ನಿಂತವರು, ಯಾರೇ ಇರಲಿ, ಮೊದಲು ನಿಧಾನಿಸಿ. ಹಾರ್ನ್ ಮಾಡಿ. ಅವರು ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ತಿರುಗದಿದ್ದರೆ ನಿಲ್ಲಿಸಿ, ಕಾಲು ಕೆಳಗಿಡಿ, ಅವರು ದಾಟಲಿ.